ನಡೆದ ಸಂಗತಿಯೂ ಕಟ್ಟಿದ ಕಥೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)

 

ನಡೆದ ಸಂಗತಿಯನ್ನು ಮನಮುಟ್ಟುವ ಕಥೆಯನ್ನಾಗಿ ಮಾಡುವುದು ಹೇಗೆ ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದರು. ಅಪ್ಪಣೆಯನ್ನು ಶಿರಸಾವಹಿಸಿದೆನಾದರೂ ಮನಸ್ಸಿನಲ್ಲಿ ಅಳುಕಿತ್ತು. ನಾನು ಪಂಡಿತನಲ್ಲ; ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಕನ್ನಡವನ್ನು ಕಲಿಸಿಕೊಂಡು, ಬಿಡುವಾದಾಗ ಕೆಲವು ಕಥೆಗಳನ್ನು ಬರೆದವನು. ಅಳುಕಿಗೆ ಅದೊಂದೇ ಕಾರಣವಲ್ಲ. ಈ ವಿಷಯದಲ್ಲಿ ನನ್ನಿಂದ ಒಂದು ಅಪರಾಧವಾಗಿದೆ. ಅದನ್ನು ಮುಚ್ಚಿಟ್ಟು ಇತರರಿಗೆ ಬುದ್ಧಿ ಹೇಳುವುದು ನನಗೆ ಸರಿತೋರುವುದಿಲ್ಲ. ಆದಕಾರಣ ಮೊದಲು ಹಿರಿಯರ ಮಾರ್ಗವನ್ನು ತಿಳಿದಮಟ್ಟಿಗೆ ಅರಿಕೆ ಮಾಡಿಕೊಂಡು, ಅನಂತರ ನನ್ನ ತಪ್ಪನ್ನು ತಮ್ಮ ಮುಂದಿಡುತ್ತೇನೆ. ಅದರಿಂದ ಕಲಿತದ್ದೇನಾದರೂ ಇದ್ದರೆ ಅದು ಇಲ್ಲಿರುವ ತರುಣರಿಗೆ ಸಲ್ಲಲಿ.

ಭಕ್ತರಲ್ಲಿ ಅನೇಕರು ಒಂದು ಪ್ರಶ್ನೆಯನ್ನು ಕೇಳುವುದುಂಟು: “ಕಥೆಯೆಂದರೆ ಸುಳ್ಳಲ್ಲವೇ? ನಡೆದದ್ದನ್ನು ನಡೆದಂತೆಯೇ ಹೇಳಿದರೆ ಸಾಲದೇ?” ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರವು ಅಕ್ಕಸಾಲಿಗನ ಅಂಗಡಿಯಲ್ಲಿದೆಯೆಂದು ನಾನು ಭಾವಿಸುತ್ತೇನೆ. ಅಪರಂಜಿ ಚಿನ್ನವು ಅತ್ಯಂತ ಮೆತ್ತಗಾಗಿರುವುದರಿಂದ ಅದರಿಂದಲೇ ಒಡವೆ ಮಾಡಿದರೆ ಬಾಗುತ್ತದೆ, ಸವೆಯುತ್ತದೆ, ಕೂಡಿಸಿದ ಹರಳನ್ನು ಹಿಡಿದು ನಿಲ್ಲಲಾರದು. ಆದಕಾರಣ ೨೪ ಪಾಲಿನಲ್ಲಿ ೨೨ ಪಾಲು ಚಿನ್ನವನ್ನಿಟ್ಟು, ಉಳಿದ ಎರಡು ಪಾಲಿಗೆ ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸುವರು. ಇದನ್ನು ಯಾರೂ ಮೋಸವೆನ್ನುವುದಿಲ್ಲ. ಇದು ಕಸುಬಿನ ಧರ್ಮ. ಎಷ್ಟು ಬೆರೆಸಿದೆನೆಂಬುದನ್ನು ಹೇಳದೆ, ಹನ್ನೆರಡು ಪಾಲಿನ ಚಿನ್ನವನ್ನು ಇಪ್ಪತ್ತೆರಡೆಂದು ಮಾರಿದರೆ ಮಾತ್ರ ಅದು ಮೋಸ. ನಡೆದ ಸಂಗತಿಯೇ ಚಿನ್ನ, ಕಥೆಗಾರನ ಕಲ್ಪನೆಯೇ ಬೆರಕೆಯ ಲೋಹ. ಬೆರಕೆಯಿಲ್ಲದೆ ಒಡವೆ ನಿಲ್ಲದು; ಬೆರಕೆಯೇ ಹೆಚ್ಚಾದರೆ ಒಡವೆ ಕಪ್ಪಿಡುವುದು.

ಈಗ ಹಿರಿಯರ ಮಾರ್ಗವನ್ನು ನೋಡೋಣ. ಉಡುತಡಿಯ ಮಹಾದೇವಿಯಕ್ಕನ ಚರಿತ್ರೆಯನ್ನು ತಾವೆಲ್ಲರೂ ಬಲ್ಲಿರಿ. ಆದರೆ ಅದನ್ನು ನಮ್ಮ ಕವಿಗಳು ಒಂದೇ ರೀತಿಯಾಗಿ ಹೇಳಿಲ್ಲವೆಂಬುದು ಎಲ್ಲರ ಗಮನಕ್ಕೆ ಬಂದಿರಲಾರದು. ಹಂಪೆಯ ಹರಿಹರನು ತನ್ನ ರಗಳೆಯಲ್ಲಿ ಹೇಳುವಂತೆ, ಅರಸನಾದ ಕೌಶಿಕನು ಅಕ್ಕನನ್ನು ಕಂಡು ಮೋಹಗೊಂಡನು. ತಾಯಿತಂದೆಗಳಿಗೆ ಬಂದ ಸಂಕಟವನ್ನು ನೋಡಿ, ಕೆಲವು ಕಟ್ಟಳೆಗಳನ್ನು ವಿಧಿಸಿ, ಅವಳು ಆ ವಿವಾಹಕ್ಕೆ ಒಪ್ಪಿದಳು. ಅರಸನು ಆ ಕಟ್ಟಳೆಗಳನ್ನು ಮೀರಿದಾಗ ಅರಮನೆಯನ್ನು ತೊರೆದು ಹೊರಟಳು. ಹದಿನೈದನೆಯ ಶತಮಾನದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಇದನ್ನು ಒಪ್ಪುವುದಿಲ್ಲ. ಅಲ್ಲಿ ಅರಸನ ಆಸೆಯುಂಟು, ಅಕ್ಕನ ನಿರಾಕರಣೆಯುಂಟು, ವಿವಾಹವಿಲ್ಲ.

ಇವರಿಬ್ಬರಲ್ಲಿ ಯಾರು ಸರಿಯೆಂದು ವಿದ್ವಾಂಸರು ವಾದಿಸಿದ್ದಾರೆ. ಆ ವಾದವನ್ನು ತೀರಿಸುವ ಶಕ್ತಿ ನನ್ನಲ್ಲಿಲ್ಲ. ಕಥೆ ಬರೆಯುವವನ ಕಣ್ಣಿಗೆ ಬೀಳುವುದು ಬೇರೊಂದು ಅಂಶ. ಇಬ್ಬರು ಕವಿಗಳೂ ಮುಟ್ಟದೆ ಬಿಟ್ಟ ಸಂಗತಿಗಳು ಯಾವುವು? ಉಡುತಡಿಯ ಹೆಣ್ಣುಮಗಳೊಬ್ಬಳು ಅರಸನನ್ನೂ ಅರಮನೆಯನ್ನೂ ತೃಣವಾಗಿ ಕಂಡು, ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ನಂಬಿ, ಒಬ್ಬಳೇ ಮನೆಯಿಂದ ಹೊರಬಿದ್ದಳು ಎಂಬಷ್ಟನ್ನು ಇಬ್ಬರೂ ಉಳಿಸಿಕೊಂಡರು. ಹರಿಹರನ ಮನಸ್ಸು ಅಕ್ಕನ ಸಂಕಟದ ಕಡೆಗೆ ಹರಿಯಿತು: ಬಾಳಿನ ಕಟ್ಟಿನೊಳಗೆ ಸಿಕ್ಕಿದ ಜೀವವು ಅದನ್ನು ಕಡಿದುಕೊಂಡು ಹೊರಬಂದ ಬಗೆ ಅವನಿಗೆ ಮುಖ್ಯವಾಯಿತು. ಚಾಮರಸನಿಗೆ ಅವಳ ಅಖಂಡವಾದ ನಿಷ್ಠೆಯೇ ಮುಖ್ಯವಾಯಿತು. ಸಂಗತಿ ಒಂದು, ಅದರ ಮುಂದೆ ನಿಂತು ಕೇಳಿದ ಪ್ರಶ್ನೆಗಳು ಎರಡು. ಓದುವವನು ಎರಡನ್ನೂ ಓದಿದರೆ ಅಕ್ಕನ ಮಹಿಮೆಗೆ ಕುಂದುಂಟಾಗುವುದೆಂದು ಹೆದರಬೇಕಾದದ್ದಿಲ್ಲ. ವಿವಾಹಕ್ಕೆ ಒಪ್ಪಿ ಬಿಟ್ಟುಬಂದವಳ ಧೈರ್ಯವು ಒಪ್ಪದೆ ಬಂದವಳ ಧೈರ್ಯಕ್ಕಿಂತ ಕಡಮೆಯದೇನೂ ಅಲ್ಲ.

ಎರಡನೆಯ ನಿದರ್ಶನ ‘ಶೂನ್ಯಸಂಪಾದನೆ’. ಶರಣರ ವಚನಗಳು ಓಲೆಗಳಲ್ಲಿ ಬಿಡಿಬಿಡಿಯಾಗಿ ಉಳಿದು ಬಂದವು. ಇದು ಯಾರೊಡನೆ ಆಡಿದ ಮಾತು, ಯಾವ ಹೊತ್ತಿನಲ್ಲಿ, ಯಾವ ಸಂಶಯಕ್ಕೆ ಸಮಾಧಾನವಾಗಿ ಹೊರಟಿತು ಎಂಬುದನ್ನು ಬಿಡಿ ವಚನವು ಸಾಮಾನ್ಯವಾಗಿ ಹೇಳುವುದಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಈ ಬಿಡಿ ಮುತ್ತುಗಳನ್ನು ಮುಂದಿಟ್ಟುಕೊಂಡು, ಪ್ರತಿಯೊಂದು ಮಾತಿಗೂ ಅದನ್ನು ಕೇಳುತ್ತಿದ್ದವರು ಯಾರಿರಬಹುದೆಂದು ವಿಚಾರಿಸಿದನು. ಅಲ್ಲಮಪ್ರಭುವಿನ ಮುಂದೆ ಅಕ್ಕನನ್ನು ನಿಲ್ಲಿಸಿದನು. ಕೆರೆಕಟ್ಟೆಗಳ ಕಾರ್ಯದಲ್ಲಿ ಮುಳುಗಿದ್ದ ಸೊನ್ನಲಿಗೆಯ ಸಿದ್ಧರಾಮನ ಬಳಿಗೆ ಪ್ರಭುವನ್ನು ಕರೆತಂದನು. ನಡುನಡುವೆ ಗದ್ಯದ ದಾರವನ್ನು ಪೋಣಿಸಿ ಒಂದು ಮಹಾಸಂವಾದವನ್ನೇ ಕಟ್ಟಿದನು. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಅದೇ ಗ್ರಂಥವನ್ನು ಮತ್ತೆ ತಿದ್ದಿ, ಬೆಳೆಸಿ, ಬೇರೆ ಬೇರೆಯಾಗಿ ಜೋಡಿಸಿದರು.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಮಾತುಗಳು ಶರಣರವು, ಸನ್ನಿವೇಶವು ಸಂಪಾದಕನದು. ಮಾತನ್ನು ತಾನೇ ಹುಟ್ಟಿಸಿ ಶರಣರ ಬಾಯಲ್ಲಿ ಇಡುವುದು ಅವನ ಮುಖ್ಯ ಕೆಲಸವಾಗಿರಲಿಲ್ಲ. ಇದ್ದ ಮಾತಿಗೆ ತಕ್ಕ ಮನೆಯನ್ನು ಕಟ್ಟುವುದು ಅವನ ಕೆಲಸವಾಗಿತ್ತು. ಒಂದೇ ವಚನವನ್ನು ಓಲೆಯಲ್ಲಿ ಬಿಡಿಯಾಗಿ ಓದಿದಾಗ ಅರ್ಥವಾಗುವುದಕ್ಕಿಂತ, ಎದುರಿಗೆ ಪ್ರಶ್ನಿಸುವ ಒಬ್ಬರು ನಿಂತಾಗ ನೂರ್ಮಡಿಯಾಗಿ ಅರ್ಥವಾಗುವುದು. ಕಥೆಯ ಶಕ್ತಿಯೆಂದರೆ ಇದೇ. ಈ ಪ್ರಾಚೀನ ಗ್ರಂಥಗಳು ಇಂದು ನಮ್ಮ ಕೈಗೆ ಸಿಕ್ಕಿರುವುದಕ್ಕೆ ಓಲೆಗಳನ್ನು ಮನೆಮನೆ ತಿರುಗಿ ಕೂಡಿಸಿದ ಪುಣ್ಯಪುರುಷರ ಶ್ರಮವೇ ಕಾರಣ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನೂ, ೧೯೨೬ರಿಂದ ‘ಶಿವಾನುಭವ’ ಪತ್ರಿಕೆಯನ್ನೂ ಹೊರಡಿಸದೆ ಇದ್ದಿದ್ದರೆ, ಕಥೆಗಾರರಾದ ನಮಗೆ ಚಿನ್ನವೇ ಇಲ್ಲದೆ ಬರಿಯ ತಾಮ್ರವೇ ಉಳಿಯುತ್ತಿತ್ತು.

ಅದೇ ಕಲ್ಯಾಣದ ಸಂಗತಿಯು ನಮ್ಮ ಕಾಲದ ಲೇಖಕರನ್ನೂ ಬಿಡಲಿಲ್ಲ. ಬಿ. ಪುಟ್ಟಸ್ವಾಮಯ್ಯನವರು ಅದನ್ನು ಕುರಿತು ಕಾದಂಬರಿಗಳ ಒಂದು ಮಾಲೆಯನ್ನೇ ರಚಿಸಿದರು. ಅದರಲ್ಲಿ ‘ಕ್ರಾಂತಿ ಕಲ್ಯಾಣ’ಕ್ಕೆ ೧೯೬೪ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ಲಂಕೇಶರು ‘ಸಂಕ್ರಾಂತಿ’ಯನ್ನೂ, ಗಿರೀಶ ಕಾರ್ನಾಡರು ೧೯೯೦ರಲ್ಲಿ ‘ತಲೆದಂಡ’ವನ್ನೂ ನಾಟಕಗಳಾಗಿ ಬರೆದರು. ಇವುಗಳಲ್ಲಿ ಕೆಲವು ನಮಗೆ ಮೆಚ್ಚಿಕೆಯಾಗಬಹುದು, ಕೆಲವು ಆಗದಿರಬಹುದು. ಆದರೆ ಎಂಟುನೂರು ವರ್ಷಗಳ ಹಿಂದಿನ ಒಂದು ಸಂಗತಿಯ ಮುಂದೆ ನಿಂತು ಜನರು ಇಂದಿಗೂ “ಅದು ಹಾಗೆ ಏಕಾಯಿತು?” ಎಂದು ಕೇಳುತ್ತಿದ್ದಾರೆಂದರೆ, ಆ ಸಂಗತಿಯು ಇನ್ನೂ ಬದುಕಿದೆಯೆಂದೇ ಅರ್ಥ.

“ಏಕಾಯಿತು” ಎಂಬ ಈ ಒಂದು ಮಾತನ್ನು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಿರಿ. ನನ್ನ ಇಂದಿನ ಭಾಷಣದ ಬೀಜವೇ ಅದು. ಏನಾಯಿತೆಂಬುದನ್ನು ಶಾಸನವು ಹೇಳುತ್ತದೆ, ಕಡತವು ಹೇಳುತ್ತದೆ, ಕಣ್ಣಾರೆ ಕಂಡವರು ಹೇಳುತ್ತಾರೆ. ಏಕಾಯಿತೆಂಬುದನ್ನು ಹೇಳಲು ಮನುಷ್ಯನ ಎದೆಯೊಳಗೆ ಇಳಿಯಬೇಕು. ಅಲ್ಲಿ ಶಾಸನವಿಲ್ಲ, ಸಾಕ್ಷಿಯಿಲ್ಲ. ಕಥೆಗಾರನು ಒಬ್ಬನೇ ಇಳಿಯುತ್ತಾನೆ. ಅವನ ಪುಣ್ಯವೂ ಪಾಪವೂ ಎರಡೂ ಅಲ್ಲಿಯೇ ಇವೆ.

ಇದಕ್ಕೆ ಕೊಡಗಿನ ಒಂದು ನಿದರ್ಶನವನ್ನು ಕೊಡುತ್ತೇನೆ. ಹಾಲೇರಿಯ ಲಿಂಗಾಯತ ಅರಸುಮನೆತನವು ಕೊಡಗನ್ನು ಬಹುಕಾಲ ಆಳಿತು. ಆ ಮನೆತನದ ಕೊನೆಯ ದೊರೆಯಾದ ಚಿಕವೀರರಾಜೇಂದ್ರನು ೧೮೨೦ರಲ್ಲಿ ಪಟ್ಟಕ್ಕೆ ಬಂದನು. ೧೮೩೨ರಲ್ಲಿ ಅವನ ಒಡಹುಟ್ಟಿದವಳಾದ ದೇವಮ್ಮಾಜಿಯೂ ಅವಳ ಗಂಡ ಚೆನ್ನಬಸವನೂ ಮೈಸೂರು ಸೀಮೆಗೆ ಓಡಿಹೋಗಿ ಇಂಗ್ಲಿಷರ ಆಶ್ರಯವನ್ನು ಪಡೆದರು. ೧೮೩೪ರ ಏಪ್ರಿಲಿನಲ್ಲಿ ಕುಂಪಣಿಯ ಸೈನ್ಯವು ಮಡಿಕೇರಿಯನ್ನು ಹೊಕ್ಕಿತು; ದಿವಾನನಾಗಿದ್ದ ಬೋಪಣ್ಣನು ಅದನ್ನು ಎದುರುಗೊಂಡನು. ಮೇ ತಿಂಗಳಿನಲ್ಲಿ ಕೊಡಗು ಕುಂಪಣಿಯ ವಶವಾಯಿತು. ದೊರೆಯನ್ನು ಕಾಶಿಗೆ ಕಳುಹಿಸಿದರು. ೧೮೫೨ರಲ್ಲಿ ಅವನು ಮಗಳಾದ ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು; ಆ ಮಗಳು ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದಳು; ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮಮಾತೆಯಾದಳು. ದೊರೆಯು ೧೮೫೯ರಲ್ಲಿ ಲಂಡನ್ ನಗರದಲ್ಲಿ ತೀರಿಕೊಂಡನು.

ಇದಿಷ್ಟು ಸಂಗತಿ. ಇದನ್ನು ಓದಿದಾಗ ನಮಗೆ ತಿಳಿವಳಿಕೆಯುಂಟಾಗುತ್ತದೆ. ಕಣ್ಣಿನಲ್ಲಿ ನೀರು ಬರುವುದಿಲ್ಲ. ಕುಂಪಣಿಯ ಕಡೆಯವರು ಇದನ್ನೇ “ದೊರೆ ಕ್ರೂರಿ, ಆದಕಾರಣ ರಾಜ್ಯ ಹೋಯಿತು” ಎಂದು ಒಂದು ವಾಕ್ಯದಲ್ಲಿ ಮುಗಿಸಬಹುದು. ದೊರೆಯ ಕಡೆಯವರು “ಇಂಗ್ಲಿಷರು ಆಸೆಬುರುಕರು, ಆದಕಾರಣ ರಾಜ್ಯ ಹೋಯಿತು” ಎಂದು ಮುಗಿಸಬಹುದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೫೬ರಲ್ಲಿ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಪ್ರಕಟಿಸಿದಾಗ ಈ ಎರಡು ವಾಕ್ಯಗಳಲ್ಲಿ ಯಾವುದಕ್ಕೂ ತೃಪ್ತರಾಗಲಿಲ್ಲ. ಸೈನ್ಯ ಬಂದದ್ದನ್ನು ಅವರು ಬದಲಿಸಲಿಲ್ಲ, ರಾಜ್ಯ ಹೋದದ್ದನ್ನೂ ಬದಲಿಸಲಿಲ್ಲ. ದೊರೆಯ ದೋಷಗಳನ್ನು ಮುಚ್ಚಿ ಅವನನ್ನು ಸಾಧುವನ್ನಾಗಿಯೂ ಮಾಡಲಿಲ್ಲ. ಅವರು ಕೇಳಿದ್ದು ಬೇರೆ ಪ್ರಶ್ನೆ: ಅರಮನೆಯ ಅನ್ನವನ್ನುಂಡ ಮಂತ್ರಿಯೊಬ್ಬನಿಗೆ ಅರಸನ ಮೇಲಿನ ನಿಷ್ಠೆಗೂ ನಾಡಿನ ಮೇಲಿನ ನಿಷ್ಠೆಗೂ ವಿರೋಧ ಬಂದಾಗ ಅವನ ರಾತ್ರಿಗಳು ಹೇಗೆ ಕಳೆದಾವು? ಗಂಡನ ತಪ್ಪುಗಳನ್ನು ಬಲ್ಲ ರಾಣಿಯೊಬ್ಬಳು ಗಂಡನನ್ನೂ ಪ್ರಜೆಯನ್ನೂ ಹೇಗೆ ಕಾಪಾಡಿಕೊಳ್ಳಬೇಕು? ಇದನ್ನು ಯಾವ ಕಡತವೂ ಬರೆದಿಡಲಿಲ್ಲ. ಕಡತಗಳು ಮೌನವಾದ ಸ್ಥಳದಲ್ಲಿ ಮಾಸ್ತಿಯವರು ಮಾತನಾಡಿದರು. ಕಡತಗಳು ಮಾತನಾಡಿದ ಸ್ಥಳದಲ್ಲಿ ಕಿವಿಗೊಟ್ಟು ಕೇಳಿದರು. ಮಾಸ್ತಿಯವರಿಗೆ ೧೯೮೩ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು.

ಮಹನೀಯರೇ, ಹಿರಿಯರ ಮಾತು ಇಲ್ಲಿಗೆ ಸಾಕು. ಇನ್ನು ನನ್ನ ಅಪರಾಧವನ್ನು ಹೇಳಿಕೊಳ್ಳುತ್ತೇನೆ.

೧೯೭೨ರ ಬರಗಾಲವನ್ನು ಈ ಸಭೆಯಲ್ಲಿರುವ ಹಿರಿಯರು ಮರೆತಿರಲಾರರು. ನಾನಾಗ ಹುಡುಗ. ನಮ್ಮ ಊರಿನ ಹೊಲಗಳಲ್ಲಿ ಬಿತ್ತಿದ ಬೀಜವು ಮಣ್ಣಿನಲ್ಲಿಯೇ ಸತ್ತಿತು. ದನಗಳನ್ನು ಬಂದ ಬೆಲೆಗೆ ಮಾರಿದರು. ಗಂಡಸರೂ ಹೆಂಗಸರೂ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದರು. ಗಂಜಿಯ ಕೇಂದ್ರದ ಮುಂದೆ ಪಾತ್ರೆ ಹಿಡಿದು ಸಾಲು ನಿಂತರು. ಊರಿನಲ್ಲಿ ಒಬ್ಬ ಸಾವುಕಾರರಿದ್ದರು. ಅವರ ಹಿತ್ತಲಿನಲ್ಲಿ ಜೋಳ ತುಂಬಿದ ಒಂದು ದೊಡ್ಡ ಹಗೇವು ಇತ್ತು. ಊರು ಹಸಿದಿರುವಾಗ ಆ ಸಾವುಕಾರರು ಸರಿರಾತ್ರಿಯಲ್ಲಿ ಹಗೇವನ್ನು ತೆಗೆಯಿಸಿ, ಚೀಲಗಳನ್ನು ಹೊರಗೆ ಸಾಗಿಸುತ್ತಿದ್ದುದನ್ನು ಕೆಲವರು ಕಂಡರು. ಜೋಳವನ್ನು ಪಟ್ಟಣದ ಅಡತಿಗೆ ಹೆಚ್ಚಿನ ಬೆಲೆಗೆ ಕಳುಹಿಸುತ್ತಿದ್ದಾರೆಂದು ಊರೆಲ್ಲ ಮಾತಾಯಿತು. ಆ ಮಾತನ್ನು ನಾನೂ ಕೇಳಿದೆ, ನಂಬಿದೆ.

ಮುಂದೆ ಐದಾರು ವರ್ಷಗಳಾದ ಮೇಲೆ, ಕಾಲೇಜಿನಲ್ಲಿ ಓದುತ್ತಿದ್ದಾಗ, ಅದನ್ನೇ ಕಥೆಯನ್ನಾಗಿ ಬರೆದೆ. ಹಗೇವಿನ ವಿಷಯವನ್ನು ನಾನು ಚೆನ್ನಾಗಿ ಬಲ್ಲವನಾಗಿದ್ದೆ. ಬಹುದಿನ ಮುಚ್ಚಿದ ಹಗೇವಿನೊಳಗಣ ಗಾಳಿ ಕೆಟ್ಟಿರುವುದರಿಂದ, ಬಾಯಿ ತೆರೆದು ಕೆಲವು ಹೊತ್ತು ಬಿಡಬೇಕು. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಕಂದೀಲು ಆರಿದರೆ ಒಳಗೆ ಮನುಷ್ಯನು ಇಳಿಯಕೂಡದು. ನನ್ನ ಕಥೆಯ ಸಾವುಕಾರನು ಆಸೆಯ ಆತುರದಲ್ಲಿ ಕಂದೀಲನ್ನು ಇಳಿಬಿಡುವುದನ್ನು ಮರೆತು, ತಾನೇ ಇಳಿದು, ತಾನು ಬಚ್ಚಿಟ್ಟ ಜೋಳದ ಮೇಲೆಯೇ ಉಸಿರುಕಟ್ಟಿ ಸಾಯುತ್ತಾನೆ. ಕಥೆ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಓದಿದವರು ಮೆಚ್ಚಿದರು. ನಾನು ಹೆಸರುಗಳನ್ನು ಬದಲಿಸಿದ್ದೆ. ಆದರೆ ಊರಿನವರಿಗೆ ಹಿತ್ತಲು ಯಾವುದೆಂದು ತಿಳಿಯದೇ? ಆ ಮನೆಯವರಿಗೆ ಊರಿನಲ್ಲಿ “ಹಗೇವಿನವರು” ಎಂಬ ಅಡ್ಡಹೆಸರು ಬಿದ್ದಿತು. ನಾನು ಅದನ್ನೂ ನನ್ನ ಕಥೆಗೆ ಸಂದ ಮನ್ನಣೆಯೆಂದೇ ಎಣಿಸಿದೆ.

ಇಪ್ಪತ್ತು ವರ್ಷಗಳು ಕಳೆದುವು. ಒಂದು ಸಲ ಜಾತ್ರೆಯಲ್ಲಿ, ತೇರು ಎಳೆದು ಜನರು ಚದರುತ್ತಿರುವಾಗ, ನಡುವಯಸ್ಸಿನ ಹೆಣ್ಣುಮಗಳೊಬ್ಬಳು ನನ್ನ ಮುಂದೆ ಬಂದು ಕೈಮುಗಿದಳು. ಆ ಸಾವುಕಾರರ ಮಗಳು. ತಂದೆ ಲಿಂಗೈಕ್ಯರಾಗಿ ಬಹಳ ವರ್ಷಗಳಾಗಿದ್ದುವು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಅವಳಾಡಿದ ಮಾತನ್ನು ಅವಳ ನುಡಿಯಲ್ಲಿಯೇ ಹೇಳುತ್ತೇನೆ; ಅದನ್ನು ತಿದ್ದುವ ಅಧಿಕಾರ ನನಗಿಲ್ಲ.

“ಮಾಸ್ತರ, ನೀವು ಬರದದ್ದೆಲ್ಲಾ ಖರೇ ಐತ್ರಿ. ಹಗೇವು ತಗದದ್ದು ಖರೇ. ರಾತ್ರಿ ತಗದದ್ದು ಖರೇ. ಚೀಲ ಹೊತ್ತದ್ದು ಖರೇ. ಆದರ ಆ ಚೀಲ ಯಾರ ಮನೀಗೆ ಹೋದವು ಅಂತ ನೀವು ಕೇಳಲಿಲ್ಲ.”

ನನಗೆ ಮಾತು ಹೊರಡಲಿಲ್ಲ. ಅವಳೇ ಮುಂದುವರಿಸಿದಳು. ಗಂಜಿಯ ಸಾಲಿನಲ್ಲಿ ನಿಲ್ಲಲಾರದ ಮನೆಗಳು ಊರಿನಲ್ಲಿದ್ದುವು. ಒಂದು ಕಾಲಕ್ಕೆ ಹತ್ತು ಜನಕ್ಕೆ ಇಕ್ಕಿದ ಮನೆಗಳು ಅವು. ಬೇಡಲಾರವು, ಕೊಟ್ಟರೆ ಹಗಲಿನಲ್ಲಿ ತೆಗೆದುಕೊಳ್ಳಲಾರವು. ಬಾಗಿಲು ಹಾಕಿಕೊಂಡು ಹಸಿವಿನಿಂದ ಮಲಗಿದ್ದುವು. ಅವಳ ತಂದೆ ರಾತ್ರಿಯಲ್ಲಿ ಹಗೇವು ತೆಗೆದು, ಒಂದೊಂದು ಚೀಲವನ್ನು ಒಂದೊಂದು ಮನೆಯ ಅಂಗಳದಲ್ಲಿಳಿಸಿ, ಬಾಗಿಲನ್ನು ತಟ್ಟದೆ ಹಿಂತಿರುಗುತ್ತಿದ್ದರು. ಯಾರಿಟ್ಟರೆಂಬುದು ತಿಳಿದರೆ ಆ ಮನೆಯವರು ತಲೆಯೆತ್ತಿ ನಡೆಯಲಾರರೆಂದು ಅವರು ಹೇಳುತ್ತಿದ್ದರಂತೆ. ಬರ ಮುಗಿಯುವಷ್ಟರಲ್ಲಿ ಹಗೇವು ಬರಿದಾಗಿತ್ತು. ಮೇಲೆ ಮಾತ್ರ ಮಣ್ಣು ಮುಚ್ಚಿ ಹಾಗೆಯೇ ಬಿಟ್ಟಿದ್ದರು. ಊರು ತಮ್ಮನ್ನು ಆಡಿಕೊಳ್ಳುತ್ತಿದ್ದುದು ಅವರ ಕಿವಿಗೂ ಬಿದ್ದಿತ್ತು. ಅವರು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಆ ಮನೆಗಳ ಹೆಸರು ಹೊರಬೀಳುತ್ತಿತ್ತು.

“ಕಂದೀಲ ಇಳಿಬಿಡತಿದ್ದಾಕಿ ನಾನರಿ,” ಎಂದಳು. “ಆವಾಗ ನನಗ ಹತ್ತು ವರ್ಷ.”

ಯಾವ ಯಾವ ಮನೆಗಳೆಂದು ನಾನು ಕೇಳಿದೆ. ತಂದೆ ಹೇಳಬೇಡವೆಂದಿದ್ದಾರೆ, ಹೇಳುವುದಿಲ್ಲವೆಂದಳು. ನಾನು ಆ ರಾತ್ರಿ ಮನೆಗೆ ಬಂದು ಬಹಳ ಹೊತ್ತು ಎಚ್ಚರವಾಗಿದ್ದೆ. ಆ ಬರದ ವರ್ಷ ನಮ್ಮ ತಂದೆಯವರು ಗಂಜಿಯ ಸಾಲಿಗೆ ಹೋದುದನ್ನು ನಾನು ಕಂಡಿರಲಿಲ್ಲ. ಆದರೂ ನಮ್ಮ ಮನೆಯಲ್ಲಿ ರೊಟ್ಟಿ ನಿಂತಿರಲಿಲ್ಲ. ಎಲ್ಲಿಂದ ಬಂದಿತೆಂದು ತಾಯಿಯನ್ನು ಕೇಳಬೇಕೆಂದರೆ ಅವರು ಆಗಲೇ ಲಿಂಗೈಕ್ಯರಾಗಿದ್ದರು.

ನನ್ನ ಕಥೆಯಲ್ಲಿ ಸಂಗತಿಗಳೆಲ್ಲ ಸರಿಯಾಗಿದ್ದುವು. ಹಗೇವು ಸರಿ, ರಾತ್ರಿ ಸರಿ, ಚೀಲ ಸರಿ, ಕಂದೀಲಿನ ವಿವರವೂ ಸರಿ. ವಿವರಗಳು ಸರಿಯಾಗಿದ್ದುದರಿಂದಲೇ ಜನರು ಅದನ್ನು ನಂಬಿದರು. ನಾನು ಬೆರೆಸಿದ್ದು ಒಂದೇ ಒಂದು: “ಏಕೆ” ಎಂಬುದಕ್ಕೆ ಉತ್ತರ. ಆ ಉತ್ತರವನ್ನು ನಾನು ಯಾರನ್ನೂ ಕೇಳದೆ ನನ್ನ ತಲೆಯಿಂದ ತೆಗೆದೆ. ಊರಿನ ಚಾಡಿಗೆ ಅಚ್ಚಿನ ಬಲವನ್ನು ಕೊಟ್ಟೆ. ಮೇಲಾಗಿ, ನಿಜವಾದ ಸಂಗತಿಯು ನನ್ನ ಕಲ್ಪನೆಗಿಂತ ಎಷ್ಟೋ ದೊಡ್ಡ ಕಥೆಯಾಗಿತ್ತು. ಕಥೆಗಾರನಾಗಿಯೂ ನಾನು ಸೋತೆ, ಮನುಷ್ಯನಾಗಿಯೂ ಸೋತೆ.

ಈ ಪೆಟ್ಟಿನಿಂದ ನಾನು ಕಲಿತ ಕೆಲವು ಮಾತುಗಳನ್ನು, ಬರೆಯಬೇಕೆಂಬ ಆಸೆಯುಳ್ಳ ಇಲ್ಲಿಯ ತರುಣ ಶಿಷ್ಯರಿಗೆ ಹೇಳಿ ಮುಗಿಸುತ್ತೇನೆ.

ಮೊದಲನೆಯದಾಗಿ, ಸಂಗತಿಯನ್ನು ಕಂಡವರನ್ನು ಮಾತ್ರ ಕೇಳಬೇಡಿರಿ; ಅದನ್ನು ಅನುಭವಿಸಿದವರನ್ನು ಕೇಳಿರಿ. ಕಂಡವನು ಚೀಲವನ್ನು ಕಾಣುತ್ತಾನೆ. ಕಂದೀಲು ಹಿಡಿದವಳು ಚೀಲ ಹೋದ ಅಂಗಳವನ್ನು ಕಾಣುತ್ತಾಳೆ. ಯಾವ ಸಂಗತಿಯಲ್ಲಿಯೂ ಮೂಲೆಯಲ್ಲಿ ಕಂದೀಲು ಹಿಡಿದ ಒಂದು ಮಗುವೋ, ಒಬ್ಬ ಆಳೋ, ಒಬ್ಬ ಮುದುಕಿಯೋ ಇದ್ದೇ ಇರುತ್ತಾರೆ. ಅವರನ್ನು ಹುಡುಕಿದ ಮೇಲೆ ಲೇಖನಿಯನ್ನು ಹಿಡಿಯಿರಿ.

ಎರಡನೆಯದಾಗಿ, ನಡೆದದ್ದನ್ನೆಲ್ಲ ತುಂಬಬೇಡಿರಿ. ತಿಥಿವಾರದ ಸರಣಿಯು ಪಂಚಾಂಗವಾಗುತ್ತದೆಯೇ ಹೊರತು ಕಥೆಯಾಗುವುದಿಲ್ಲ. ಸಂಗತಿಯ ಯಾವ ಗಂಟಿನಲ್ಲಿ ಮನುಷ್ಯನು ಎರಡು ದಾರಿಗಳ ನಡುವೆ ನಿಂತನೋ ಆ ಗಂಟೊಂದನ್ನು ಹಿಡಿದುಕೊಳ್ಳಿರಿ. ಕೊಡಗಿನ ಮಂತ್ರಿಗೆ ಅರಸು ಒಂದು ಕಡೆ, ನಾಡು ಒಂದು ಕಡೆ. ನಮ್ಮೂರ ಸಾವುಕಾರರಿಗೆ ತಮ್ಮ ಹೆಸರು ಒಂದು ಕಡೆ, ನೆರೆಯವರ ಮಾನ ಒಂದು ಕಡೆ. ಆ ಗಂಟು ಸಿಕ್ಕಿದರೆ ಉಳಿದ ವಿವರಗಳು ತಾವಾಗಿಯೇ ಬಂದು ತಮ್ಮ ಸ್ಥಳದಲ್ಲಿ ಕುಳಿತುಕೊಳ್ಳುವುವು.

ಮೂರನೆಯದಾಗಿ, ಕಲ್ಪನೆಯನ್ನು ಮೌನದ ಸ್ಥಳದಲ್ಲಿ ಮಾತ್ರ ಉಪಯೋಗಿಸಿರಿ. ದಾಖಲೆ ಒಂದು ಮಾತನ್ನು ಹೇಳುತ್ತಿರುವಾಗ ಅದಕ್ಕೆ ಎದುರಾಗಿ ಹೇಳಬೇಡಿರಿ. ದಾಖಲೆ ಎರಡು ರೀತಿಯಾಗಿ ಹೇಳಿದರೆ, ಒಂದನ್ನು ಆರಿಸಿಕೊಂಡೆನೆಂಬುದನ್ನು ಓದುವವನಿಗೆ ತಿಳಿಸಿರಿ. ಮುನ್ನುಡಿಯಲ್ಲಿ ನಾಲ್ಕು ಸಾಲು ಬರೆದರೆ ಸಾಕು. ಬೆರಕೆಯ ಪಾಲನ್ನು ಹೇಳಿದ ಅಕ್ಕಸಾಲಿಗನ ಅಂಗಡಿಗೆ ಗಿರಾಕಿ ಕಡಮೆಯಾಗುವುದಿಲ್ಲ.

ನಾಲ್ಕನೆಯದಾಗಿ, ಬದುಕಿರುವವರ ಸಂಗತಿಯಾದರೆ, ಹೆಸರನ್ನು ಬದಲಿಸಿದೆನೆಂದು ಸಮಾಧಾನಪಟ್ಟುಕೊಳ್ಳಬೇಡಿರಿ. ಅಚ್ಚಿಗೆ ಕೊಡುವ ಮೊದಲು ಆ ಮನೆಯ ಹೊಸ್ತಿಲಿಗೆ ಹೋಗಿ ಓದಿ ಹೇಳಿರಿ. ಅಲ್ಲಿ ಓದಲಾರದ ಕಥೆಯನ್ನು ಊರಿನ ಮುಂದೆ ಓದಬಾರದು.

ಐದನೆಯ ಮಾತನ್ನು ಸ್ವಲ್ಪ ಭಯದಿಂದ ಹೇಳುತ್ತೇನೆ. ಶ್ರೀಗಳವರೂ ಭಕ್ತರೂ ಮನ್ನಿಸಬೇಕು. ಈ ಮಹೋತ್ಸವದ ನೆಪದಿಂದ ಅನೇಕರು ಗುರುಗಳ ಚರಿತ್ರೆಯನ್ನೂ ದಾಸೋಹದ ಚರಿತ್ರೆಯನ್ನೂ ಬರೆಯಲು ಮುಂದಾಗುವರು. ಭಕ್ತಿಯ ಭರದಲ್ಲಿ ನಮ್ಮ ಲೇಖನಿಗಳು ಪವಾಡದ ಕಡೆಗೆ ಬಾಗುವುದುಂಟು. ಬರಗಾಲದಲ್ಲಿಯೂ ಮಠದ ಕಣಜ ಬರಿದಾಗಲಿಲ್ಲ ಎಂದು ಬರೆದು ಅಲ್ಲಿಗೆ ನಿಲ್ಲಿಸುವೆವು. ಆದರೆ ಮಠಗಳ ಹಳೆಯ ಕೀರ್ದಿ ಪುಸ್ತಕಗಳನ್ನು ತೆರೆದು ನೋಡಿರಿ. ಯಾವ ಹಳ್ಳಿಯಿಂದ ಎಷ್ಟು ಬಂಡಿ ಬಂದುವು, ಯಾವ ವಿಧವೆ ಒಂದು ಬೊಗಸೆ ಕಾಳನ್ನು ತಂದಿಟ್ಟಳು, ಯಾವ ವರ್ಷ ಕಾಣಿಕೆ ಬಾರದೆ ಸಾಲ ಮಾಡಬೇಕಾಯಿತು ಎಂಬುದೆಲ್ಲ ಅಂಥ ಪುಸ್ತಕಗಳಲ್ಲಿ ಬರೆದಿರುವುದುಂಟು. ಕಣಜವು ಬರಿದಾಗಲಿಲ್ಲವೆಂಬುದು ಒಂದು ವಾಕ್ಯ. ಅದನ್ನು ಬರಿದಾಗಗೊಡದೆ ಕಾಪಾಡಿದ ಕೈಗಳನ್ನು ಕುರಿತು ಬರೆದರೆ ಅದು ಒಂದು ಗ್ರಂಥವಾದೀತು. ಗುರುಗಳ ಮಹಿಮೆ ಅದರಿಂದ ಇಮ್ಮಡಿಸುವುದೇ ಹೊರತು ಕುಂದುವುದಿಲ್ಲ. ಆ ಪುಸ್ತಕಗಳಿಗೆ ಗೆದ್ದಲು ಹತ್ತುವ ಮೊದಲು, ಅವುಗಳನ್ನು ಬಲ್ಲ ಹಿರಿಯರು ನಮ್ಮನ್ನಗಲುವ ಮೊದಲು, ತರುಣರು ಈ ಕಾರ್ಯವನ್ನು ಕೈಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಕೊನೆಯದಾಗಿ, ನನ್ನ ಕಥೆ ಮುಂದೇನಾಯಿತೆಂದು ತಾವು ಕೇಳಬಹುದು. ಅಚ್ಚಾದ ಕಥೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಉಪಾಯವಿಲ್ಲ. ಎರಡನೆಯ ಸಲ ಅದೇ ಸಂಗತಿಯನ್ನು ಬರೆದೆ. ಚೀಲವನ್ನಿಳಿಸಿ ಕತ್ತಲಿನಲ್ಲಿ ಹಿಂತಿರುಗುವಾಗ ಆ ಹಿರಿಯರು ಏನನ್ನು ಯೋಚಿಸಿರಬಹುದೆಂಬುದನ್ನು ನಾನೇ ಕಲ್ಪಿಸಿದೆ. ಏಕೆಂದರೆ ಅದನ್ನು ಬಲ್ಲವರು ಯಾರೂ ಇರಲಿಲ್ಲ. ಆ ಹಸ್ತಪ್ರತಿಯನ್ನು ತೆಗೆದುಕೊಂಡು ಆ ತಾಯಿಯ ಮನೆಗೆ ಹೋದೆ. ಪಡಸಾಲೆಯಲ್ಲಿ ಕುಳಿತು ಓದಿದೆ. ನಾನು ಕಲ್ಪಿಸಿದ ಭಾಗ ಬಂದಾಗ, ಇದು ನನ್ನದು, ನಿಮ್ಮ ತಂದೆಯವರದಲ್ಲವೆಂದು ನಿಲ್ಲಿಸಿ ಹೇಳಿದೆ. ಅವಳು ಕೇಳಿ ಮುಗಿಸಿ, ಸೆರಗಿನಿಂದ ಕಣ್ಣೊರಸಿಕೊಂಡು, “ಇದು ಕಥಿ ಅಂತ ನನಗೂ ಗೊತ್ತೈತ್ರಿ ಮಾಸ್ತರ. ಆದರ ಇದರಾಗ ನಮ್ಮಪ್ಪ ಅದಾನ,” ಎಂದಳು.

ಅದಕ್ಕಿಂತ ಹೆಚ್ಚಿನ ಪ್ರಶಸ್ತಿಯನ್ನು ನಾನು ಪಡೆದಿಲ್ಲ, ಬಯಸುವುದೂ ಇಲ್ಲ. ನಡೆದ ಸಂಗತಿಯನ್ನು ಕಥೆ ಮಾಡುವವನು ತಾನು ಬರೆದುದನ್ನು ಓದಿದವರು “ಇದರಲ್ಲಿ ನಮ್ಮವರು ಇದ್ದಾರೆ” ಎನ್ನುವಂತೆ ಬರೆಯಲಿ. ಅಷ್ಟಾದರೆ ಅವನ ಕಲ್ಪನೆಯೂ ಸತ್ಯದ ಸೇವೆಯೇ ಆಗುವುದು.